ದರದ ಬೋರ್ಡು, ಸುಣ್ಣದ ಬಳೆ

ಶಿರಸಿಯಲ್ಲಿ ನಾನು ಕೆಲಸ ಮಾಡಿದ ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ, ಕಿಟಕಿಯ ಎಡಕ್ಕೆ, ಗೋಡೆಯಲ್ಲಿ ಎರಡು ಮೊಳೆಗಳಿವೆ. ಅವಕ್ಕೆ ಏನನ್ನೂ ತೂಗುಹಾಕಿಲ್ಲ. ನಾನು ನಿವೃತ್ತಳಾಗುವ ವಾರ ನನ್ನ ಜಾಗಕ್ಕೆ ಬಂದ ಹುಡುಗಿ ಆ ಮೊಳೆಗಳನ್ನು ನೋಡಿ, "ಮೇಡಂ, ಇಲ್ಲೊಂದು ಚಾರ್ಟ್ ಹಾಕಿದರೆ ಹೇಗೆ? ಯಾರು ಎಷ್ಟು ಸುಧಾರಿಸಿದ್ದಾರೆ ಅಂತ ಎಲ್ಲರಿಗೂ ಕಾಣುತ್ತದೆ" ಎಂದಳು. ನಾನು "ಬೇಡ" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಗಡಸು. ಪಾಪ, ಅವಳ ಮುಖ ಸಪ್ಪಗಾಯಿತು. ಯಾಕೆ ಬೇಡ ಎಂದು ವಿವರಿಸಲು ಆ ದಿನ ನನಗೆ ಮನಸ್ಸು ಬರಲಿಲ್ಲ. ಅವಳಿಗೂ ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೂ ಅದನ್ನು ಹೇಳಬೇಕೆಂದೇ ಈಗ ಬರೆಯಲು ಕೂತಿದ್ದೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಈ ಕಡೆ ಬಂದೆ. ಫಿಸಿಯೋಥೆರಪಿ ಎಂಬ ಹೆಸರು ಆಗ ಇಲ್ಲಿ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಮುರಿದ ಮೂಳೆ ಕೂಡಿಸುವವರು ಡಾಕ್ಟರು, ಕೂಡಿದ ಮೇಲೆ ಆ ಕೈಕಾಲನ್ನು ಮತ್ತೆ ದುಡಿಮೆಗೆ ಹಚ್ಚುವವಳು ನಾನು ಎಂದು ವಿವರಿಸುತ್ತಿದ್ದೆ. ಜನ ಕೇಳಿಸಿಕೊಂಡು, "ಹಾಂ, ಎಣ್ಣೆ ತಿಕ್ಕುವವರು" ಎನ್ನುತ್ತಿದ್ದರು. ಒಂದೆರಡು ವರ್ಷ ಕಳೆದ ಮೇಲೆ 'ವ್ಯಾಯಾಮದ ಅಕ್ಕೋರು' ಎಂಬ ಹೆಸರು ಬಿತ್ತು. ಬುಧವಾರ ಸಿದ್ದಾಪುರಕ್ಕೆ, ಶನಿವಾರ ಯಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗಿ ರೋಗಿಗಳನ್ನು ನೋಡುತ್ತಿದ್ದೆ. ಉಳಿದ ದಿನ ಶಿರಸಿಯ ಆ ಕೋಣೆ.

ನಮ್ಮ ದೊಡ್ಡ ಡಾಕ್ಟರು ಮಾತು ಕಡಿಮೆ. ಸೇರಿದ ದಿನ ನನಗೆ ಒಂದೇ ಮಾತು ಹೇಳಿದರು. "ನೋಡಿ, ನನ್ನದು ಎರಡು ತಾಸಿನ ಕೆಲಸ, ನಿಮ್ಮದು ಆರು ತಿಂಗಳಿನದ್ದು. ಹೆಸರು ಮಾತ್ರ ನನಗೆ ಬರುತ್ತದೆ. ಅದಕ್ಕೆ ಬೇಜಾರು ಮಾಡಿಕೊಳ್ಳುವವರು ಇಲ್ಲಿ ಉಳಿಯುವುದಿಲ್ಲ." ನಾನು ಬೇಜಾರು ಮಾಡಿಕೊಳ್ಳಲಿಲ್ಲ. ನನಗೆ ಇದ್ದದ್ದು ಬೇರೆ ರೋಗ, ಅವಸರ.

ಮಂಡಿ ಗಟ್ಟಿಯಾದವರು ನೋವಿಗೆ ಹೆದರಿ ಕಾಲು ಮಡಚುವುದಿಲ್ಲ. ಬೈದರೆ ಅಳುತ್ತಾರೆ, ರಮಿಸಿದರೆ ನಾಳೆ ಎನ್ನುತ್ತಾರೆ. ಇವರನ್ನು ಹುರಿದುಂಬಿಸುವುದು ಹೇಗೆ ಎಂದು ಯೋಚಿಸುತ್ತಿದ್ದಾಗ ಉಪಾಯ ಹೊಳೆದದ್ದು ಅಡಿಕೆ ಪೇಟೆಯ ಎದುರು. ನನ್ನ ಬಾಡಿಗೆ ಕೋಣೆಗೆ ಅದೇ ದಾರಿ. ಅಲ್ಲಿ ಒಂದು ಕಪ್ಪು ಹಲಗೆಯ ಮೇಲೆ ದಿನವೂ ರಾಶಿ, ಚಾಲಿ ಎಂದು ಅಡಿಕೆಯ ಬಗೆ ಬರೆದು ಆ ದಿನದ ಮೇಲಿನ ದರ, ಕೆಳಗಿನ ದರ ಹಾಕುತ್ತಿದ್ದರು. ಅಡಿಕೆ ತಂದವರು ನೋಡುತ್ತಿದ್ದರು, ತಾರದವರೂ ನೋಡುತ್ತಿದ್ದರು. ಬಸ್ಸಿಗೆ ಓಡುತ್ತಿದ್ದವರೂ ಒಂದು ಕ್ಷಣ ನಿಂತು ಓದಿಕೊಂಡು ಓಡುತ್ತಿದ್ದರು. ಈ ಊರಿನವರು ಹಲಗೆಯ ಮೇಲೆ ಬರೆದದ್ದನ್ನು ನಂಬುತ್ತಾರೆ ಎಂದುಕೊಂಡು ನಾನೂ ಒಂದು ಕಪ್ಪು ಹಲಗೆ ಮಾಡಿಸಿ ಎರಡು ಮೊಳೆ ಹೊಡೆಸಿದೆ. ಎಡಗಡೆ ರೋಗಿಯ ಹೆಸರು, ಬಲಗಡೆ ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಎಂಬ ಅಂಕಿ. ಹೆಚ್ಚು ಮಡಚಿದವರ ಹೆಸರು ಮೇಲೆ.

ಫಲ ಕೂಡಲೇ ಕಂಡಿತು. ಹುಲೇಕಲ್ಲಿನ ಸುಬ್ಬಕ್ಕ ಅಲ್ಲಿಯವರೆಗೆ ಕಾಲು ಮುಟ್ಟಿದರೆ ದೇವರನ್ನೆಲ್ಲ ಕರೆಯುತ್ತಿದ್ದವರು. ಮರುವಾರ ಬಾಗಿಲಲ್ಲೇ, "ಅಕ್ಕೋರೇ, ಇಂದು ಎನ್ನ ದರ ಎಷ್ಟಾತು?" ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, "ಆಚೆ ಮಂಚದವಳದ್ದು ಎನಗಿಂತ ಜಾಸ್ತಿ ಅಡ, ಹೌದ?" ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅಂದಿನಿಂದ ಅದಕ್ಕೆ ದರದ ಬೋರ್ಡು ಎಂದೇ ಹೆಸರಾಯಿತು. ನಾನೂ ನಕ್ಕೆ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ದರ ಎಂಬ ಮಾತಿಗೆ ಈ ಊರಿನಲ್ಲಿ ಎಷ್ಟು ತೂಕ ಎಂದು ಆಗ ಯೋಚಿಸಲಿಲ್ಲ.

ಅದೇ ವರ್ಷ ಮಳೆಗಾಲದ ಕೊನೆಗೆ ಇಬ್ಬರು ಒಂದೇ ವಾರ ಬಂದರು. ಒಬ್ಬರು ಯಲ್ಲಾಪುರದ ಇಸ್ಮಾಯಿಲ್, ಲಾರಿ ಚಾಲಕರು. ಅರಬೈಲ್ ಘಾಟಿಯಲ್ಲಿ ಲಾರಿ ಮಗುಚಿ ತೊಡೆಯ ಮೂಳೆ ಮುರಿದಿತ್ತು. ಇನ್ನೊಬ್ಬರು ಮನ್ಮನೆಯ ಚೌಡಾ ನಾಯ್ಕರು, ಅಡಿಕೆ ಮರ ಹತ್ತುವವರು. ಕೊಳೆರೋಗಕ್ಕೆ ಮದ್ದು ಹೊಡೆಯುವಾಗ ಕಾಲು ಜಾರಿ ಬಿದ್ದಿದ್ದರು. ಅವರದ್ದೂ ತೊಡೆಯ ಮೂಳೆಯೇ. ಇಬ್ಬರಿಗೂ ದೊಡ್ಡ ಡಾಕ್ಟರು ಪ್ಲೇಟ್ ಹಾಕಿದರು.

ಚೌಡಾ ನಾಯ್ಕರು ಸಿದ್ದಾಪುರ ಸೀಮೆಯಲ್ಲಿ ಹೆಸರಾದ ಕೊನೆಗಾರ. ಅಡಿಕೆ ಗೊನೆಗೆ ಇಲ್ಲಿ ಕೊನೆ ಎನ್ನುತ್ತಾರೆ, ಅದನ್ನು ಕೊಯ್ಯುವವನು ಕೊನೆಗಾರ. ಒಂದು ಮರದ ಕೊನೆ ಕೊಯ್ದ ಮೇಲೆ ಕೆಳಗಿಳಿಯುತ್ತಿರಲಿಲ್ಲವಂತೆ. ಮರವನ್ನು ಬಾಗಿಸಿ ಪಕ್ಕದ್ದನ್ನು ಹಿಡಿದು, ಮೇಲಿಂದ ಮೇಲೆಯೇ ದಾಟಿಕೊಂಡು ತೋಟದ ಆ ತುದಿಯಲ್ಲಿ ನೆಲಕ್ಕೆ ಕಾಲಿಡುತ್ತಿದ್ದರಂತೆ. ಇದನ್ನು ಅವರು ಹೇಳಿಕೊಂಡದ್ದಲ್ಲ, ಹೆಂಡತಿ ಗೌರಿ ಹೇಳಿದ್ದು. ನಾಯ್ಕರು ನನ್ನನ್ನು ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕೋರೇ, ಮರ ಹತ್ತೂಕಾಗ್ತದ್ಯಾ?"

"ಆಗುತ್ತದೆ. ನಾನು ಹೇಳಿದ ಹಾಗೆ ಮಾಡಬೇಕು" ಎಂದೆ. ಇಂಥ ಮಾತನ್ನು ಯಾರಿಗೂ ಕೊಡಬಾರದು. ನಾನು ಕೊಟ್ಟೆ.

ವೈದ್ಯಕೀಯವಾಗಿ ಒಂದು ವಿಷಯ ಇಲ್ಲಿ ಹೇಳಬೇಕು. ಇಸ್ಮಾಯಿಲ್ ಅವರ ಮೂಳೆ ಮುರಿದದ್ದು ತೊಡೆಯ ನಡುವೆ. ನಾಯ್ಕರದ್ದು ಮಂಡಿಯ ಸ್ವಲ್ಪ ಮೇಲೆ, ಬಿರುಕು ಕೀಲಿನೊಳಗೂ ಇಳಿದಿತ್ತು. ಎರಡೂ ಬೇರೆ ಬೇರೆ ಗಾಯ, ಒಂದು ಬೇಗ ಮಡಚುತ್ತದೆ, ಇನ್ನೊಂದು ಮಡಚುವುದಿಲ್ಲ. ಅದು ನನಗೆ ಗೊತ್ತಿತ್ತು, ಬೋರ್ಡಿಗೆ ಗೊತ್ತಿರಲಿಲ್ಲ. ಮೂರು ತಿಂಗಳಾಗುವ ಹೊತ್ತಿಗೆ ಅದರ ಮೇಲೆ ಇಸ್ಮಾಯಿಲ್ ತೊಂಬತ್ತೈದು, ಚೌಡಾ ನಾಯ್ಕ ಅರವತ್ತು.

ಮನೆಗೆ ಹೋದ ಮೇಲೆ ಇಬ್ಬರೂ ಸೋಮವಾರ, ಗುರುವಾರ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಾಯ್ಕರಿಗೆ ಓದಲು ಬರುತ್ತಿರಲಿಲ್ಲ. ಬಂದವರೇ, "ನಂದು ಎಷ್ಟದೆ ನೋಡಿ" ಎಂದು ಇಸ್ಮಾಯಿಲ್ ಅವರನ್ನೇ ಕೇಳುತ್ತಿದ್ದರು. "ಅರವತ್ತೇ ಐತ್ರಿ ನಾಯ್ಕರ. ಬರ್ತೈತಿ ತಗೋರಿ, ಗಡಿಬಿಡಿ ಮಾಡಬ್ಯಾಡ್ರಿ" ಎಂದು ಅವರು ಮೆತ್ತಗೆ ಹೇಳುತ್ತಿದ್ದರು. ನಾನು ಮಾತ್ರ ಸುಮ್ಮನಿರುತ್ತಿರಲಿಲ್ಲ. ಒಂದು ಸೋಮವಾರ ಎಲ್ಲರೆದುರು, "ನಾಯ್ಕರೇ, ಇಸ್ಮಾಯಿಲ್ ಅವರನ್ನು ನೋಡಿ ಕಲಿಯಿರಿ" ಎಂದೆ. ಅವರು ತಲೆ ತಗ್ಗಿಸಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಆ ವಾರವೇ ಗುರುವಾರ ಕೋಲಸಿರ್ಸಿ ಕಡೆಯ ತೋಟದ ಯಜಮಾನರೊಬ್ಬರು ಕೋಣೆಗೆ ಬಂದರು. ಒಳ್ಳೆಯ ಮನುಷ್ಯರೇ. ಅವರ ತೋಟದ ಕೊನೆ ಕೊಯ್ಯುತ್ತಿದ್ದವರು ಪ್ರತಿ ವರ್ಷವೂ ಚೌಡಾ ನಾಯ್ಕರು. "ಚೌಡನ್ನ ನೋಡ್ಕಂಡು ಹೋಪನ ಹೇಳಿ ಬಂದಿದ್ದೆ" ಎಂದರು. ನಾಯ್ಕರು ಆಚೆ ಮಂಚದ ಮೇಲೆ ವ್ಯಾಯಾಮ ಮಾಡುತ್ತಿದ್ದರು. ಯಜಮಾನರ ಕಣ್ಣು ಮೊದಲು ಹೋದದ್ದು ಬೋರ್ಡಿನ ಮೇಲೆ. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು.

"ಇದು ಎಂತದು ಅಕ್ಕೋರೇ?"

ನಾನು ವಿವರಿಸಿದೆ. ವಿವರಿಸುವುದೆಂದರೆ ನನಗೆ ಯಾವಾಗಲೂ ಖುಷಿ.

"ಹಂಗಾರೆ ಮರ ಹತ್ತಲೆ ಎಷ್ಟು ಬೇಕು?"

"ನೂರಾ ಮೂವತ್ತಾದರೂ ಬೇಕು" ಎಂದೆ.

"ಈಗ ಅರವತ್ತು" ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಮಂಚದ ಹತ್ತಿರ ಹೋಗಿ ಬಾಳೆಹಣ್ಣಿನ ಪೊಟ್ಟಣ ಇಟ್ಟು, "ಚೌಡ, ಆರಾಮ ಮಾಡ್ಕ್ಯ. ಈ ವರ್ಷದ್ದು ನೀ ತಲೆಬಿಸಿ ಮಾಡಡ, ಬೇರೆಯವ್ರಿಗೆ ಹೇಳ್ತೆ" ಎಂದರು. ನಾಯ್ಕರು ಕೈ ಮುಗಿದರು. ಎಷ್ಟು ಅಂತಃಕರಣದ ಮನುಷ್ಯ ಎಂದು ನಾನು ಅಂದುಕೊಂಡೆ. ಮಾರುವ ಮೊದಲು ಪೇಟೆಯ ಹಲಗೆ ನೋಡುವ ಹಾಗೆ ಅವರು ನನ್ನ ಹಲಗೆ ನೋಡಿ ಹೋಗಿದ್ದರು, ಮತ್ತು ಅದನ್ನು ಓದಿ ಹೇಳಿದವಳು ನಾನೇ ಆಗಿದ್ದೆ. ಅದು ನನಗೆ ಹೊಳೆದದ್ದು ಬಹಳ ತಡವಾಗಿ.

ಸೋಮವಾರ ನಾಯ್ಕರು ಬಸ್ಸಿನಲ್ಲಿ ಬರಲಿಲ್ಲ, ಬಾಡಿಗೆ ಜೀಪಿನಲ್ಲಿ ಅವರನ್ನು ಮಲಗಿಸಿಕೊಂಡು ತಂದರು. ಭಾನುವಾರ ಮಧ್ಯಾಹ್ನ ಗೌರಿ ಗದ್ದೆಗೆ ಹೋದಾಗ ಅವರು ಮರ ಹತ್ತುವಾಗ ಪಾದಗಳಿಗೆ ಹಾಕಿಕೊಳ್ಳುವ ಬಳ್ಳಿಯ ತಳೆಯನ್ನು ಹಿಮ್ಮಡಿಗೆ ಸಿಕ್ಕಿಸಿ, ಅದಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಮನೆಯ ಕಂಬಕ್ಕೆ ಸುತ್ತಿ, ಮಂಡಿ ಮಡಚಿಸಲೆಂದು ಎರಡೂ ಕೈಯಿಂದ ಜಗ್ಗಿದ್ದರು. ಜೀವನವಿಡೀ ಮರ ಹಿಡಿದ ಕೈಗಳು ಅವು. ಮೂಳೆ ಇನ್ನೂ ಪೂರ್ತಿ ಕೂಡಿರಲಿಲ್ಲ.

ದೊಡ್ಡ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಪ್ಲೇಟ್ ಮುರಿದಿದೆ. ಯಾರು ಎಳೆಯಲು ಹೇಳಿದ್ದು?"

"ನಾನು ಹೇಳಿಲ್ಲ ಸರ್" ಎಂದು ಥಟ್ಟನೆ ಹೇಳಿಬಿಟ್ಟೆ. ನನ್ನ ಇಡೀ ವೃತ್ತಿಯಲ್ಲಿ ನಾನು ಆಡಿದ ಅತ್ಯಂತ ಹೇಡಿ ಮಾತು ಅದು.

ಗೌರಿ ಬಾಗಿಲಲ್ಲಿ ನಿಂತಿದ್ದಳು. ಅವಳು ಜಗಳ ಮಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಹೌದು, ಎಳೀರಿ ಅಂತ ನೀವು ಹೇಳ್ಲಿಲ್ಲ ಅಕ್ಕೋರೇ. ಆದ್ರೆ ನಮ್ಮೂರಲ್ಲಿ ಎಲ್ರ ಬಾಯಲ್ಲೂ ಅದೇ ಮಾತು. ಬಸ್ಸಲ್ಲಿ ಕೂತ್ರೂ ಅದೇ, ಅಂಗಡಿಗೆ ಹೋದ್ರೂ ಅದೇ. ಚೌಡನ ದರ ಬಿದ್ದದೆ ಅಂತಾರೆ. ಇವ್ರು ಮೂರು ದಿನ ಸಮಾ ಊಟ ಮಾಡ್ಲಿಲ್ಲ. ಆ ಸಾಬ್ರದ್ದು ಆಗದೆ, ನಂದು ಯಾಕೆ ಆಗುದಿಲ್ಲ ಅಂತ ಹೇಳ್ತಾ ಇದ್ರು."

ನಾನು ಕೋಣೆಗೆ ಹೋಗಿ ಒದ್ದೆ ಬಟ್ಟೆ ತೆಗೆದುಕೊಂಡು ಬೋರ್ಡು ಒರೆಸಿದೆ. ಆಮೇಲೆ ಅದನ್ನು ಇಳಿಸಿ ಮಂಚದ ಕೆಳಗೆ ತಳ್ಳಿದೆ. ಡಾಕ್ಟರು ಹಿಂದಿನಿಂದ ಬಂದು ನೋಡಿದರು. "ಬೋರ್ಡು ಒರೆಸಬಹುದು" ಎಂದರು. ಬಾಗಿಲ ಹತ್ತಿರ ತಿರುಗಿ, "ಮೊಳೆ ಇರಲಿ" ಎಂದು ಹೋದರು. ಅದಕ್ಕೇ ಆ ಮೊಳೆಗಳು ಇನ್ನೂ ಅಲ್ಲಿವೆ.

ಗುರುವಾರ ಬಂದಾಗ ಬೋರ್ಡಿಲ್ಲದ್ದನ್ನು ನೋಡಿ ಇಸ್ಮಾಯಿಲ್ ಹೇಳಿದ ಮಾತನ್ನೂ ಬರೆಯುತ್ತೇನೆ. "ಛಲೋ ಆತ್ರಿ ಮೇಡಂ. ನನ್ನ ಹೆಸರು ಮ್ಯಾಲಿತ್ತಲ್ಲ, ನಂಗೂ ನೆಮ್ಮದಿ ಇರಲಿಲ್ಲ. ಯಾವಾಗ ಕೆಳಗ ಬೀಳ್ತೀನೋ ಅಂತ ಇಲ್ಲಿಗೆ ಬರೂದ ಬ್ಯಾಸರ ಆಗಿತ್ತು." ಕೆಳಗಿದ್ದವರ ಸಂಕಟವಾದರೂ ಗೌರಿಯ ಬಾಯಿಂದ ಗೊತ್ತಾಗಿತ್ತು. ಮೇಲಿದ್ದವರದ್ದನ್ನು ನಾನು ಊಹಿಸಿಯೂ ಇರಲಿಲ್ಲ.

ಎರಡನೇ ಶಸ್ತ್ರಕ್ರಿಯೆ ಆಗಿ ಮನೆಗೆ ಹೋದ ನಾಯ್ಕರು ಎರಡು ತಿಂಗಳು ಈ ಕಡೆ ಸುಳಿಯಲಿಲ್ಲ. ಒಂದು ಬುಧವಾರ ಸಿದ್ದಾಪುರದ ಕೆಲಸ ಬೇಗ ಮುಗಿಸಿ ನಾನೇ ಮನ್ಮನೆಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಅಂಗಳದ ಬದಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ನೋಡಿದ್ದೇ ಬಾಯಿಪಾಠ ಮರೆತುಹೋಯಿತು.

"ನಾಯ್ಕರೇ, ಆ ಬೋರ್ಡಿನಿಂದಲೇ ನಿಮಗೆ ಹೀಗಾಯಿತು. ತಪ್ಪು ನನ್ನದು" ಎಂದೆ.

ಅವರು ಹಗ್ಗದಿಂದ ಕಣ್ಣು ತೆಗೆಯಲಿಲ್ಲ. "ಬೋರ್ಡು ನೀವು ಬರೆದ್ರಿ, ಕಾಲು ನಾ ಎಳ್ದೆ. ಅರ್ಧ ನಿಮ್ದು, ಅರ್ಧ ನಂದು. ಕೂತ್ಕಳಿ, ಗೌರಿ ಚಾ ತತ್ತಾಳೆ."

ಅಷ್ಟು ಹಗುರಾಗಿ ಅವರು ನನ್ನನ್ನು ಬಿಟ್ಟುಬಿಟ್ಟರು. ನನಗೆ ಅಳು ಬಂತು, ಅತ್ತೆ.

ಅವರಿಗೆಂದು ನಾನು ಒಂದು ಪುಸ್ತಕ ಒಯ್ದಿದ್ದೆ. ಮೊದಲ ದಿನ ಎಷ್ಟು, ಈ ವಾರ ಎಷ್ಟು ಎಂದು ಅವರೊಬ್ಬರ ಅಳತೆ ಮಾತ್ರ ಬರೆಯುವ ಪುಸ್ತಕ. ಅವರು ಅದನ್ನು ತಿರುಗಿಸಿ ನೋಡಿ ಮರಳಿ ಕೊಟ್ಟರು. "ನಂಗೆ ಓದೂಕೆ ಬರುದಿಲ್ಲಲ್ಲ. ಮತ್ತೆ ಬೇರೆಯವ್ರ ಹತ್ರ ಕೇಳ್ಬೇಕು" ಎಂದರು. ಆಮೇಲೆ ಕೋಲು ಊರಿ ಎದ್ದು, ಬಾವಿಯ ಹತ್ತಿರವಿದ್ದ ಒಂದು ಅಡಿಕೆ ಮರದ ಬಳಿ ಹೋದರು.

ಅಡಿಕೆ ಮರದ ಮೈಮೇಲೆ ಹಾಳೆ ಉದುರಿದ ಕಡೆಯೆಲ್ಲ ಒಂದೊಂದು ಗುರುತು ಉಳಿಯುತ್ತದೆ, ಬಳೆ ತೊಡಿಸಿದ ಹಾಗೆ. ನಾಯ್ಕರು ಎರಡೂ ಕೈಯಲ್ಲಿ ಮರ ಹಿಡಿದು ನಿಂತು, ಮುರಿದ ಕಾಲನ್ನು ನಿಧಾನಕ್ಕೆ ಎತ್ತಿ, ಪಾದವನ್ನು ಕಾಂಡಕ್ಕೆ ಒತ್ತಿದರು. ಮರ ಹತ್ತುವವರ ಮೊದಲ ಹೆಜ್ಜೆ ಅದು. ಪಾದ ನಿಂತದ್ದು ನೆಲದಿಂದ ಒಂದು ಗೇಣಿನ ಮೇಲೆ, ಎರಡನೇ ಬಳೆಯಲ್ಲಿ. ಸೊಂಟದಿಂದ ಕವಳದ ಚೀಲ ತೆಗೆದು, ಎಲೆಗೆ ಹಚ್ಚುವ ಸುಣ್ಣವನ್ನು ಬೆರಳಲ್ಲಿ ತೆಗೆದುಕೊಂಡು ಆ ಬಳೆಗೆ ಬಳಿದರು. "ಇದು ನಂಗೆ ಓದೂಕೆ ಬತ್ತದೆ" ಎಂದರು.

"ಬಳೆ ಎಣಿಸಿ ನನಗೆ ಹೇಳಿ. ಬೇರೆ ಕೊನೆಗಾರರು ಬಂದರೆ ಅವರಿಗೂ ಇದನ್ನೇ ಹೇಳುತ್ತೇನೆ" ಎಂದೆ. ಹಳೆಯ ಚಾಳಿ ಅಷ್ಟು ಬೇಗ ಬಿಡುವುದಿಲ್ಲ.

"ಅದು ಆಗುದಿಲ್ಲ. ಈ ಮರದ ಬಳೆ ದೂರ ದೂರ ಅದೆ. ಆ ಮರದ್ದು ನೋಡಿ, ಹತ್ರ ಹತ್ರ. ಇದ್ರ ಎರಡು ಅದ್ಕೆ ನಾಲ್ಕಾಗ್ತದೆ. ಒಂದ್ರ ಲೆಕ್ಕ ಇನ್ನೊಂದಕ್ಕೆ ಇಲ್ಲ" ಎಂದರು.

ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿತವಳು ನಾನು. ನನಗೆ ಯಾರೂ ಹೇಳದಿದ್ದ ಪಾಠ ಅದು.

ಆಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಡಿಗ್ರಿ ಅಳೆಯುವುದನ್ನು ಬಿಡಲಿಲ್ಲ, ಅದು ಡಾಕ್ಟರಿಗೆ ಬೇಕು. ಆದರೆ ಅಂಕಿ ನನ್ನ ಪುಸ್ತಕದೊಳಗೇ ಉಳಿಯಿತು. ರೋಗಿಗೆ ಅವನದೇ ಬದುಕಿನ ಒಂದು ಅಳತೆ ಹುಡುಕಿಕೊಡುತ್ತಿದ್ದೆ. ಇಸ್ಮಾಯಿಲ್ ಅವರಿಗೆ ಲಾರಿಯ ಕ್ಲಚ್ ಎಷ್ಟು ದೂರ ಒತ್ತಲಾಗುತ್ತದೆ ಎಂಬುದು. ಸುಬ್ಬಕ್ಕನಿಗೆ ಅಟ್ಟದ ಏಣಿಯ ಮೆಟ್ಟಿಲು. "ಬೋರ್ಡು ಎಂತಕ್ಕೆ ತೆಗದ್ರಿ? ಎನಗೆ ಬೇಜಾರು ಬತ್ತು" ಎಂದು ಸುಬ್ಬಕ್ಕ ಕೆಲವು ದಿನ ಗೊಣಗಿದರು. ಆಮೇಲೆ ಉಪ್ಪಿನಕಾಯಿ ಭರಣಿ ತರಲು ಎಷ್ಟು ಮೆಟ್ಟಿಲು ಹತ್ತಿದೆ ಎಂಬುದನ್ನೇ ವರದಿ ಒಪ್ಪಿಸತೊಡಗಿದರು. "ಇವತ್ತು ಎಷ್ಟಾಯಿತು?" ಎಂದು ಕೇಳುವುದನ್ನು ನಾನು ಬಿಟ್ಟೆ. "ಹೋದ ವಾರ ಎಲ್ಲಿತ್ತು?" ಎಂದು ಮೊದಲು ಕೇಳುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆಸ್ಪತ್ರೆಗೆ ಹೊಸ ಆಡಳಿತಾಧಿಕಾರಿ ಬಂದರು, ಹೊಸ ಯಂತ್ರಗಳು ಬಂದವು. 'ಈ ತಿಂಗಳ ಉತ್ತಮ ರೋಗಿ' ಎಂದು ಫೋಟೋ ಹಾಕೋಣ ಎಂದು ಅವರಿಗೆ ಆಸೆ. ಮೊಳೆ ಹೇಗೂ ಇದೆಯಲ್ಲ ಎಂದರು. "ಉತ್ತಮ ರೋಗಿ ಅಂದರೆ ರೋಗ ಚೆನ್ನಾಗಿದ್ದವನು ಅಂತ ಜನ ತಿಳಿದುಕೊಳ್ಳುತ್ತಾರೆ ಸರ್" ಎಂದೆ. ಅವರು ನನ್ನನ್ನು ಅಹಂಕಾರಿ ಎಂದು ಬರೆದಿಟ್ಟರಂತೆ. ಇರಲಿ.

ಇನ್ನು ನಾಯ್ಕರ ಕಾಲು. ಬುಧವಾರಗಳಲ್ಲಿ ಆಗಾಗ ಹೋಗಿ ನೋಡುತ್ತಿದ್ದೆ. ಸುಣ್ಣ ಎರಡನೇ ಬಳೆಯಿಂದ ಮೂರಕ್ಕೆ ಹೋಯಿತು, ನಾಲ್ಕಕ್ಕೆ ಹೋಯಿತು, ಒಂದು ವರ್ಷದ ಹೊತ್ತಿಗೆ ಐದಕ್ಕೆ ಬಂತು. ಅಲ್ಲಿ ನಿಂತಿತು. ಆರು ತಿಂಗಳು ಕಳೆದರೂ ಐದೇ. ಮರ ಹತ್ತಲು ಅಷ್ಟು ಸಾಲದು ಎಂದು ನನಗೆ ಗೊತ್ತಿತ್ತು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೀಗಿದ್ದೂ ಪ್ರತಿ ವಾರ ಅದೇ ಬಳೆಗೆ ಹೊಸ ಸುಣ್ಣ ಬಳಿಯುತ್ತಿದ್ದರು. ಅದು ದಪ್ಪಗಟ್ಟಿ ಗೋಡೆಯ ಗಾರೆಯ ಹಾಗಾಗಿತ್ತು.

"ಏರಲಿಲ್ಲವಲ್ಲ ನಾಯ್ಕರೇ, ಮತ್ತೆ ಯಾಕೆ ಬಳಿಯುತ್ತೀರಿ?" ಎಂದು ಒಮ್ಮೆ ಕೇಳಿಬಿಟ್ಟೆ.

"ಇಳೀಲೂ ಇಲ್ಲಲ್ಲ ಅಕ್ಕೋರೇ. ಅದನ್ನೂ ಬರೀಬೇಕಲ್ಲ" ಎಂದರು.

ಅವರು ಮತ್ತೆ ಮರ ಹತ್ತಲಿಲ್ಲ. ಕೆಳಗೆ ನಿಂತು ಹಗ್ಗ ಹಿಡಿಯುವವರಾದರು. ಮೇಲಿನಿಂದ ಕೊನೆ ಹಗ್ಗದ ಮೇಲೆ ಜಾರಿ ಬರುವಾಗ ಅದನ್ನು ಹಿಡಿದು ಇಳಿಸಿಕೊಳ್ಳುವ ಕೆಲಸ. ಮೊದಲ ವರ್ಷ ಮೇಲೆ ನೋಡಲು ಆಗುತ್ತಿರಲಿಲ್ಲ ಎಂದು ಗೌರಿಯ ಹತ್ತಿರ ಹೇಳಿದ್ದರಂತೆ. ನಾನು ಆ ಬೋರ್ಡು ಹಾಕದೇ ಇದ್ದಿದ್ದರೆ ಅವರು ಹತ್ತುತ್ತಿದ್ದರೇ? ದೊಡ್ಡ ಡಾಕ್ಟರನ್ನು ಕೇಳಿದೆ. "ಹತ್ತಬಹುದಿತ್ತು. ಹತ್ತದೆಯೂ ಇರಬಹುದಿತ್ತು" ಎಂದರು. ಇದಕ್ಕಿಂತ ಹೆಚ್ಚಿನ ಉತ್ತರ ನನಗೆ ಸಿಕ್ಕಿಲ್ಲ, ಇನ್ನು ಸಿಗುವುದೂ ಇಲ್ಲ. ಅರ್ಧ ನಿಮ್ದು ಎಂದು ಅವರು ಹೇಳಿದ್ದರಲ್ಲ, ಆ ಅರ್ಧ ಇನ್ನೂ ನನ್ನ ಹತ್ತಿರವೇ ಇದೆ.

ನಿವೃತ್ತಳಾದ ಎರಡೇ ತಿಂಗಳಿಗೆ ಮೆಟ್ಟಿಲ ಮೇಲೆ ಜಾರಿ ನನ್ನ ಮಂಡಿ ಚಿಪ್ಪು ಒಡೆಯಿತು. ಮಾಡಿದ್ದುಣ್ಣೋ ಮಹರಾಯ ಎಂದು ನಾನೇ ನಕ್ಕೆ. ಅದೇ ಕೋಣೆಗೆ, ಅದೇ ಹುಡುಗಿಯ ಕೈಗೆ ಬಂದೆ. ಪಕ್ಕದ ಮಂಚದಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರೊಬ್ಬರು, ಅದೇ ಗಾಯ. ಅವರ ಕಾಲು ನನ್ನದಕ್ಕಿಂತ ಬೇಗ ಮಡಚುತ್ತಿತ್ತು. ಬೋರ್ಡಿಲ್ಲದಿದ್ದರೂ ನನ್ನ ಕಣ್ಣು ಓರೆಯಾಗಿ ಅತ್ತಲೇ ಹೋಗುತ್ತಿತ್ತು, ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು. ಇಷ್ಟೂ ವರ್ಷ ಬೇರೆಯವರಿಗೆ ಉಪದೇಶ ಮಾಡಿದವಳ ಸ್ಥಿತಿ ಇದು.

ಸ್ವಲ್ಪ ನಡೆಯಲು ಬಂದ ಮೇಲೆ ಮನ್ಮನೆಗೆ ಹೋದೆ. ನಾಯ್ಕರಿಗೆ ತಲೆ ಪೂರ್ತಿ ಹಣ್ಣಾಗಿತ್ತು. ಬಾವಿಯ ಹತ್ತಿರದ ಮರದ ಐದನೇ ಬಳೆಯ ಸುಣ್ಣ ಆ ವಾರದ್ದೇ. ಪಕ್ಕದ ಮರದಲ್ಲೂ ಕೆಳಗೆ ಒಂದು ಗುರುತಿತ್ತು. ಕೋಲಸಿರ್ಸಿಯ ಕೊನೆಗಾರನೊಬ್ಬ ಹೋದ ವರ್ಷ ಬಿದ್ದನಂತೆ, ವಾರಕ್ಕೊಮ್ಮೆ ಬಂದು ಹೋಗುತ್ತಾನಂತೆ. "ಅದು ಅವಂದು" ಎಂದರು. ನನ್ನ ಕೈಯಲ್ಲಿದ್ದ ಕೋಲನ್ನೂ ಕಾಲನ್ನೂ ನೋಡಿದರು. ಮೂರನೆಯ ಮರದ ಹತ್ತಿರ ಕರೆದುಕೊಂಡು ಹೋಗಿ, "ಇದು ನಿಮ್ದು" ಎಂದರು.

ಎರಡೂ ಕೈಯಲ್ಲಿ ಮರ ಹಿಡಿದು ಕಾಲು ಎತ್ತಿದೆ. ನೋವಿಗೆ ಕಣ್ಣಲ್ಲಿ ನೀರು ಬಂತು. ಪಾದ ಮೊದಲನೇ ಬಳೆಯನ್ನು ಮುಟ್ಟಿತು, ಅಷ್ಟೇ. ನಾಯ್ಕರು ಕಷ್ಟಪಟ್ಟು ಬಗ್ಗಿ, ಬೆರಳಲ್ಲಿ ಸುಣ್ಣ ತೆಗೆದುಕೊಂಡು ಬಳಿದರು. ನಾನು ಅವರ ಮರದ ಐದನೇ ಬಳೆ ಎಷ್ಟು ಎತ್ತರದಲ್ಲಿದೆ ಎಂದು ಕುತ್ತಿಗೆ ಹೊರಳಿಸಿದೆ.

"ಆ ಬದಿ ನೋಡೂದು ಬ್ಯಾಡ ಅಕ್ಕೋರೇ" ಎಂದರು ಅವರು. "ಬರೂ ಬುಧವಾರ ಇಲ್ಲೇ ನೋಡ್ವ."